ಕಾಫಿ ಹಣದಲ್ಲಿ ಮೊದಲ ಇನ್ಫೋಸಿಸ್ ಷೇರು: ಡಿಮ್ಯಾಟ್ ಖಾತೆಯಿಂದ ತೆರಿಗೆಯವರೆಗೆ

ರೋಬಸ್ಟಾ ಕಾಫಿಯ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣು, ಕೊಳ್ಳಲು ಮನೆಗೆ ಬರುವ ವ್ಯಾಪಾರಿ ಬೆಲೆಯ ಮಾತೆತ್ತುವ ಮೊದಲು ಮೂಟೆಯೊಳಕ್ಕೆ ಮೊಣಕೈವರೆಗೆ ಕೈ ಇಳಿಸುತ್ತಾನೆ. ತಳದಿಂದ ಒಂದು ಹಿಡಿ ತೆಗೆದು ಮೂಸುತ್ತಾನೆ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾನೆ, ತೇವಾಂಶದ ಮೀಟರಿಗೆ ಹಾಕುತ್ತಾನೆ. ಸ್ಯಾಂಪಲ್ಲಿನ ಸಿಪ್ಪೆ ಬಿಡಿಸಿ ಔಟ್‌ಟರ್ನ್ (ಸಿಪ್ಪೆ ಕಳೆದು ಉಳಿಯುವ ಬೀಜ) ಎಷ್ಟು ಬಂತೆಂದು ತೂಗಿದ ಮೇಲೆಯೇ ಅವನ ಬಾಯಿಂದ ಒಂದು ಅಂಕಿ ಹೊರಡುವುದು. ಅಷ್ಟು ಹೊತ್ತೂ ನಾವು ಅವನ ತಕ್ಕಡಿಯ ಮೇಲೆ ಕಣ್ಣಿಟ್ಟು ನಿಂತಿರುತ್ತೇವೆ. ಐವತ್ತು ಕಿಲೋ ಮೂಟೆಯ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವೇ, ಕಾಫಿ ಮಾರಿದ ಹಣ ಬ್ಯಾಂಕಿಗೆ ಬಿದ್ದ ವಾರದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳಿದರೆಂದು ಎರಡು ಲಕ್ಷ ರೂಪಾಯಿಯ ಷೇರು ಕೊಂಡುಬಿಡುತ್ತೇವೆ.

ಆಲ್ದೂರಿನ ಆಚೆ ನನಗಿರುವುದು ಆರು ಎಕರೆ ತೋಟ. ಇನ್ಫೋಸಿಸ್ ಷೇರನ್ನು ಮೊದಲು ಕೊಂಡದ್ದು 2016ರಲ್ಲಿ. ಆಮೇಲಿನ ವರ್ಷಗಳಲ್ಲಿ ಚಿಕ್ಕಮಗಳೂರು, ಹಾಸನ, ಸಕಲೇಶಪುರದ ಕಡೆಯ ನೆಂಟರು ಬಹಳ ಮಂದಿ ‘ಹೇಗೆ ತೆಗೆದುಕೊಳ್ಳುವುದು’ ಎಂದು ಕೇಳಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಇನ್ಫೋಸಿಸ್ ಇಲ್ಲಿ ಉದಾಹರಣೆಗೆ ಮಾತ್ರ. ಟಿಸಿಎಸ್, ಎಚ್‌ಸಿಎಲ್, ವಿಪ್ರೊ ಯಾವುದಾದರೂ ದಾರಿ ಇದೇ. ನಾನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರನಲ್ಲ, ಕೊಳ್ಳಿ ಎಂದಾಗಲಿ ಮಾರಿ ಎಂದಾಗಲಿ ಹೇಳುವ ಉದ್ದೇಶವೂ ಇಲ್ಲ.

ಮೊದಲು ಹಣವನ್ನು ವಿಂಗಡಿಸಿ

ಸಂಬಳದವರಿಗೆ ತಿಂಗಳು ತಿಂಗಳು ಹಣ ಬರುತ್ತದೆ. ನಮಗೆ ವರ್ಷಕ್ಕೊಮ್ಮೆ ಬರುತ್ತದೆ, ಬಂದಾಗ ಬಹಳವೆಂದು ಕಾಣುತ್ತದೆ. ಆದರೆ ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್ ಬೇಕು. ಮೇ ತಿಂಗಳಲ್ಲಿ ಗೊಬ್ಬರ, ಮಳೆಗಾಲಕ್ಕೆ ಮೊದಲು ಬೋರ್ಡೋ ಸಿಂಪಡಣೆ, ಅದರ ಹಿಂದೆಯೇ ಕಳೆ, ಮರಗಸಿ, ವಾರದ ಬಟವಾಡೆ. ಮುಂದಿನ ಕೊಯ್ಲಿನ ತನಕದ ತೋಟದ ಖರ್ಚು, ಮನೆಯ ಖರ್ಚು, ಬ್ಯಾಂಕಿನಲ್ಲಿ ಒಡವೆ ಇಟ್ಟು ತಂದ ಸಾಲ, ಇವಿಷ್ಟನ್ನೂ ಕಳೆದ ಮೇಲೆ ಉಳಿದದ್ದೇ ಷೇರಿನ ಹಣ. ಅದನ್ನೂ ಐದು ವರ್ಷ ಮುಟ್ಟದೆ ಇರಬಲ್ಲಿರಾದರೆ ಮಾತ್ರ. ಜೂನ್‌ನಲ್ಲಿ ಗೊಬ್ಬರದ ಅಂಗಡಿಯ ಬಾಕಿ ತೀರಿಸಲು ಷೇರು ಮಾರಬೇಕಾಗಿ ಬಂದರೆ, ಆ ದಿನದ ಬೆಲೆ ನಿಮ್ಮ ಕಷ್ಟ ಕೇಳುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ಕಡೆಯವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೋಬಸ್ಟಾದ ಬೆಲೆ ನಿಗದಿಯಾಗುವುದು ಲಂಡನ್ನಿನಲ್ಲಿ, ಇನ್ನೊಂದು ಜಾತಿಯ ಕಾಫಿ ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ನಾವು ಬೆಳೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ರಫ್ತಾಗುತ್ತದೆ, ಡಾಲರ್ ಏರಿದರೆ ನಮ್ಮ ಮೂಟೆಗೂ ನಾಲ್ಕು ಕಾಸು ಹೆಚ್ಚು. ಇನ್ಫೋಸಿಸ್‌ನ ವರಮಾನದಲ್ಲೂ ಅರ್ಧಕ್ಕಿಂತ ಹೆಚ್ಚು ಉತ್ತರ ಅಮೆರಿಕದಿಂದಲೇ ಬರುತ್ತದೆ. ಭಾರತದಿಂದ ಬರುವುದು ಶೇಕಡ 5ಕ್ಕಿಂತ ಕಡಿಮೆ. ಕಾಫಿಯೂ ಡಾಲರಿನ ಬೆಳೆ, ಸಾಫ್ಟ್‌ವೇರೂ ಡಾಲರಿನ ಬೆಳೆ. ಅದರ ಮೇಲೆ ಮಗನೋ ಮಗಳೋ ಬೆಂಗಳೂರಿನಲ್ಲಿ ಇಂಥದೇ ಕಂಪನಿಯಲ್ಲಿ ಕೆಲಸಕ್ಕಿದ್ದರೆ, ಆ ಮನೆಯ ಅನ್ನ ಈಗಾಗಲೇ ಈ ಉದ್ಯಮದ ಮೇಲೆ ನಿಂತಿದೆ. ಅಮೆರಿಕದ ಬ್ಯಾಂಕುಗಳು ಖರ್ಚು ಬಿಗಿಹಿಡಿದ ವರ್ಷ ಮಗಳ ಸಂಬಳ ಏರುವುದಿಲ್ಲ, ನಿಮ್ಮ ಷೇರೂ ಏರುವುದಿಲ್ಲ. ಹಾಗಾಗಿ ಒಂದೇ ಕಂಪನಿಗೆ ಎಷ್ಟು ಎಂದು ಕೇಳಿದವರಿಗೆ ನಾನು ಹೇಳುವುದು: ಷೇರಿಗೆಂದು ತೆಗೆದಿಟ್ಟ ಹಣದಲ್ಲಿ ಹತ್ತರಲ್ಲಿ ಒಂದು ಪಾಲು, ಮಕ್ಕಳು ಅದೇ ಕಂಪನಿಯಲ್ಲಿದ್ದರೆ ಸೊನ್ನೆ. ಇದು ಯಾವ ಶಾಸ್ತ್ರದಲ್ಲೂ ಇಲ್ಲದ, ನನ್ನ ಸ್ವಂತದ ಕಟ್ಟಳೆ.

ಖಾತೆ, ಕಾಗದ, ಹೆಸರು

ಬೇಕಾಗುವುದು ಪ್ಯಾನ್, ಅದಕ್ಕೆ ಜೋಡಿಸಿದ ಆಧಾರ್, ಬ್ಯಾಂಕ್ ಖಾತೆ, ಸಹಿ, ಫೋಟೊ. ಬ್ರೋಕರ್ ಬಳಿ ಕೊಳ್ಳುವ, ಮಾರುವ ಟ್ರೇಡಿಂಗ್ ಖಾತೆ ತೆರೆದರೆ ಜೊತೆಗೇ ಷೇರುಗಳನ್ನು ಇಡುವ ಡಿಮ್ಯಾಟ್ ಖಾತೆಯೂ ತೆರೆಯುತ್ತದೆ. ಷೇರುಗಳು ನಿಜವಾಗಿ ಇರುವುದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಎರಡು ಡಿಪಾಸಿಟರಿಗಳಲ್ಲಿ ಒಂದರಲ್ಲಿ. ಬ್ರೋಕರ್ ಮಧ್ಯದವನು. ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ನಿಮ್ಮ ಹೆಸರಿನಲ್ಲಿ ಲಾಟ್ ಇದ್ದ ಹಾಗೆ: ಏಜೆಂಟ್ ಬದಲಾದರೂ ಲಾಟ್ ನಿಮ್ಮದೇ.

ಕೆಲಸ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ನಮ್ಮ ಚಿಕ್ಕಪ್ಪನ ಪ್ಯಾನಿನಲ್ಲಿ ಊರು ಮತ್ತು ಅಪ್ಪನ ಹೆಸರಿನ ಮೊದಲಕ್ಷರಗಳು ಪೂರ್ತಿ ಬಿಡಿಸಿಕೊಂಡಿದ್ದವು. ಆಧಾರಿನಲ್ಲಿ ಬರೀ ಇನಿಷಿಯಲ್. ಪಹಣಿ ನೋಡಿ ತೆರೆದ ಬ್ಯಾಂಕ್ ಖಾತೆಯಲ್ಲಿ ಹೆಸರಿನ ಕೊನೆಗೆ ‘ಗೌಡ’. ಮೂರೂ ಅವರೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಮೂರು ಸಲ ಅರ್ಜಿ ವಾಪಸಾಯಿತು. ಮೊದಲು ಆಧಾರ್ ಸರಿಮಾಡಿಸಿ, ಅದರಂತೆ ಪ್ಯಾನ್, ಆಮೇಲೆ ಬ್ಯಾಂಕು, ಈ ಕ್ರಮದಲ್ಲಿ ಹೋದರೆ ಅಲೆದಾಟ ಕಡಿಮೆ.

ಅರ್ಜಿಯ ಕೊನೆಗೆ ಮೊಬೈಲಿನ ಕ್ಯಾಮೆರಾ ಮುಂದೆ ಮುಖ ತೋರಿಸಬೇಕು. ಮನೆಯೊಳಗೆ ಸಿಗ್ನಲ್ ಸಿಗದೆ ಚಿಕ್ಕಪ್ಪ ಕಾಫಿ ಕಣದ ಆಚೆ ತುದಿಯಲ್ಲಿ, ನೀರಿನ ಟ್ಯಾಂಕಿನ ಮೇಲೆ ನಿಂತು ಆ ಶಾಸ್ತ್ರ ಮುಗಿಸಿದರು. ಹಿನ್ನೆಲೆಯಲ್ಲಿ ಚೆರ್ರಿ ಕೆದಕುವ ಸದ್ದು. ಅರ್ಜಿ ಒಪ್ಪಿಗೆಯಾಯಿತು.

ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇ ಇರಲಿ, ಮಕ್ಕಳದ್ದು ಬೇಡ. ನಮ್ಮ ಸೋದರತ್ತೆಯ ಖಾತೆಗೆ ಬೆಂಗಳೂರಿನ ಮಗ ತನ್ನ ನಂಬರ್ ಕೊಟ್ಟಿದ್ದ. ಷೇರು ಮಾರುವಾಗ ಡಿಪಾಸಿಟರಿಯ ಪಿನ್ ಹಾಕಿ ಒಟಿಪಿ ಕೊಡಬೇಕು. ಅತ್ತೆಗೆ ಹಣ ಬೇಕಾದ ಬೆಳಗ್ಗೆ ಮಗರಾಯ ರಾತ್ರಿ ಪಾಳಿ ಮುಗಿಸಿ ಫೋನ್ ಆರಿಸಿ ಮಲಗಿದ್ದ. ಸಾಮಾನ್ಯ ಮಾರುಕಟ್ಟೆ ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಅವನು ಎದ್ದದ್ದು ನಾಲ್ಕಕ್ಕೆ.

ಖಾತೆಗೆ ವಾರ್ಷಿಕ ಶುಲ್ಕ ಎಷ್ಟೆಂದು ಕೇಳಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಒಂದೇ ಡಿಮ್ಯಾಟ್ ಖಾತೆ ಇದ್ದು, ಅದರಲ್ಲಿರುವ ಒಟ್ಟು ಮೌಲ್ಯ 4 ಲಕ್ಷ ರೂಪಾಯಿ ದಾಟದಿದ್ದರೆ ‘ಬೇಸಿಕ್ ಸರ್ವಿಸ್’ ಖಾತೆಯ ಲೆಕ್ಕದಲ್ಲಿ ವಾರ್ಷಿಕ ಶುಲ್ಕವೇ ಇಲ್ಲ. 4ರಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. 2024ರ ಸೆಪ್ಟೆಂಬರ್‌ನಿಂದ ಇದು ಸೆಬಿಯ ನಿಯಮ. ಕೇಳದವರಿಗೆ ಇದನ್ನು ಯಾರೂ ಕರೆದು ಹೇಳುವುದಿಲ್ಲ.

ನಾಮಿನಿಯನ್ನು ‘ಆಮೇಲೆ’ ಎಂದು ಬಿಡಬೇಡಿ. ಆದರೆ ನಾಮಿನಿ ಎಂದರೆ ವಾರಸುದಾರ ಎಂದೂ ತಿಳಿಯಬೇಡಿ. ನಾಮಿನಿಯ ಕೈಗೆ ಷೇರು ಬಂದರೂ ಹಕ್ಕು ತೀರ್ಮಾನವಾಗುವುದು ಉಯಿಲು ಅಥವಾ ಉತ್ತರಾಧಿಕಾರ ಕಾನೂನಿನ ಪ್ರಕಾರವೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ತೋಟ ಪಾಲಾಗುವಾಗ ಅಣ್ಣತಮ್ಮಂದಿರು ಏನೇನು ಆಡಿಕೊಳ್ಳುತ್ತಾರೆಂದು ಕಂಡವರು ಷೇರಿನ ಬಗ್ಗೆಯೂ ಉಯಿಲಿನಲ್ಲಿ ಒಂದು ಸಾಲು ಸೇರಿಸುತ್ತಾರೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಗುರೂಜಿ’ಯೊಬ್ಬರು ಕಳಿಸಿದ ಲಿಂಕಿನಿಂದ ಆ್ಯಪ್ ಹಾಕಿಕೊಳ್ಳುವವರಿಗೆ ಒಂದೇ ಮಾತು: ಬ್ರೋಕರಿನ ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ಹುಡುಕಿ ನೋಡದೆ ಒಂದು ರೂಪಾಯಿಯನ್ನೂ ಹಾಕಬೇಡಿ. ವ್ಯಕ್ತಿಯೊಬ್ಬನ ಸ್ವಂತ ಖಾತೆಗೆ ಹಣ ಹಾಕಲು ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಹಾಕಿಬಿಟ್ಟಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನೋಂದಾಯಿತ ಬ್ರೋಕರ್ ಮೇಲಿನ ದೂರಿಗೆ ಸೆಬಿಯ ‘ಸ್ಕೋರ್ಸ್’ ಎಂಬ ಜಾಲತಾಣ ಇದೆ.

ಕಂಪನಿಯ ಔಟ್‌ಟರ್ನ್ ನೋಡುವುದು

ಇನ್ಫೋಸಿಸ್‌ನ ಕಥೆ ಎಲ್ಲರಿಗೂ ಗೊತ್ತು: 1981ರಲ್ಲಿ ಪುಣೆಯಲ್ಲಿ ಏಳು ಎಂಜಿನಿಯರುಗಳು, 10,000 ರೂಪಾಯಿ ಬಂಡವಾಳ, 1983ರಲ್ಲಿ ಬೆಂಗಳೂರಿಗೆ. 1993ರಲ್ಲಿ 95 ರೂಪಾಯಿಯಂತೆ ಷೇರು ಬಿಟ್ಟಾಗ ಕೊಳ್ಳುವವರು ಸಾಲದೆ, ಉಳಿದದ್ದನ್ನು ಮಾರ್ಗನ್ ಸ್ಟ್ಯಾನ್ಲಿ ತೆಗೆದುಕೊಂಡಿತ್ತು. ಆಗ 9,500 ರೂಪಾಯಿ ಕೊಟ್ಟು 100 ಷೇರು ಕೊಂಡು ಸುಮ್ಮನೆ ಇಟ್ಟವರ ಬಳಿ, ಕಂಪನಿ ಉಚಿತವಾಗಿ ಕೊಟ್ಟ ಬೋನಸ್ ಷೇರುಗಳೂ, ಒಂದು ಷೇರನ್ನು ಎರಡಾಗಿಸಿದ 2000ದ ಮುಖಬೆಲೆ ವಿಭಜನೆಯೂ ಸೇರಿ, 2018ರ ಹೊತ್ತಿಗೆ 1,02,400 ಷೇರುಗಳಾಗಿದ್ದವು. ಈ ಲೆಕ್ಕವನ್ನು ಷೇರು ಮಾರಲು ಬರುವವರೆಲ್ಲ ಹೇಳುತ್ತಾರೆ. ಅದೇ ಷೇರನ್ನು 2000ದ ಮಾರ್ಚ್‌ನ ಶಿಖರದಲ್ಲಿ ಕೊಂಡವರು ತಮ್ಮ ಅಸಲನ್ನು ಮತ್ತೆ ಕಾಣಲು ವರ್ಷಗಟ್ಟಲೆ ಕಾದರೆಂಬುದನ್ನು ಹೇಳುವವರು ಕಡಿಮೆ. ಕಂಪನಿ ಅದೇ, ಕೊಟ್ಟ ಬೆಲೆ ಬೇರೆ.

ವಾರ್ಷಿಕ ವರದಿ ಕಂಪನಿಯ ಜಾಲತಾಣದಲ್ಲಿ ಉಚಿತ. ಮುನ್ನೂರು ಪುಟ ಕಂಡು ಹೆದರಬೇಡಿ, ನಾನು ನೋಡುವುದು ಐದಾರು ಪುಟ. 2024-25ರಲ್ಲಿ ವರಮಾನ ಸುಮಾರು 1,62,990 ಕೋಟಿ ರೂಪಾಯಿ, ನಿವ್ವಳ ಲಾಭ ಸುಮಾರು 26,700 ಕೋಟಿ. ಹಿಂದಿನ ವರ್ಷ ವರಮಾನ 1,53,670 ಕೋಟಿ, ಲಾಭ 26,233 ಕೋಟಿ. ವರಮಾನ ಶೇ 6ರಷ್ಟು ಏರಿದೆ, ಲಾಭ ಶೇ 2ರ ಆಸುಪಾಸು. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ತೋಟದಲ್ಲಿ ಹತ್ತು ಮೂಟೆ ಹೆಚ್ಚಿಗೆ ಬಂದು ಕೈಗೆ ಉಳಿದದ್ದು ಅಷ್ಟಕ್ಕಷ್ಟೇ ಆದರೆ, ಕೂಲಿ ಏರಿತೋ ಗೊಬ್ಬರ ಏರಿತೋ ಎಂದು ಹುಡುಕುವುದಿಲ್ಲವೇ? ಹಾಗೆಯೇ ಇಲ್ಲಿ ನಿರ್ವಹಣಾ ಲಾಭದ, ಅಂದರೆ ತೆರಿಗೆ ಮತ್ತು ಇತರ ಆದಾಯ ಲೆಕ್ಕಕ್ಕೆ ಬರುವ ಮೊದಲಿನ ವ್ಯಾಪಾರದ ಲಾಭದ, ಪ್ರಮಾಣ ನೋಡಿ: ನೂರು ರೂಪಾಯಿ ವರಮಾನದಲ್ಲಿ ಸುಮಾರು 21 ರೂಪಾಯಿ. ಅದು ಕುಗ್ಗಿಲ್ಲ. ಹಾಗಾದರೆ ಲಾಭ ಹಿಂದೆ ಬಿದ್ದದ್ದು ತೆರಿಗೆಯಲ್ಲೋ ಇತರ ಆದಾಯದಲ್ಲೋ ಎಂದು ಮುಂದಿನ ಸಾಲುಗಳಲ್ಲಿ ಹುಡುಕಬೇಕು. ಈ ಹುಡುಕಾಟ ಬೇಸರವೆನಿಸುವವರು ಬಿಡಿ ಷೇರು ಬಿಟ್ಟು ದೊಡ್ಡ ಕಂಪನಿಗಳ ಷೇರುಗಳನ್ನು ಒಟ್ಟಾಗಿ ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡ್ ಕೊಳ್ಳುವುದು ವಾಸಿ. ಅದರೊಳಗೂ ಇನ್ಫೋಸಿಸ್ ಇದೆ. ಬೇಸರಪಡುವುದರಲ್ಲಿ ತಪ್ಪೇನೂ ಇಲ್ಲ, ನನ್ನ ಹೆಂಡತಿ ಮಾಡಿದ್ದು ಅದನ್ನೇ. ಅವಳ ಲೆಕ್ಕ ನನ್ನದಕ್ಕಿಂತ ಚೆನ್ನಾಗಿದೆ.

ಬೆಲೆ ದುಬಾರಿಯೋ ಅಗ್ಗವೋ ತಿಳಿಯಲು ಪಿಇ ಅನುಪಾತವಿದೆ: ಷೇರಿನ ಬೆಲೆ ಒಂದು ಷೇರಿನ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಅಂಕಿ. ಆ ವರ್ಷ ಒಂದು ಷೇರಿನ ಪಾಲಿಗೆ ಬಂದ ಲಾಭ ಸುಮಾರು 64 ರೂಪಾಯಿ. ಷೇರಿನ ಬೆಲೆ 1,600 ಇದ್ದರೆ ನೀವು 25 ವರ್ಷದ ಲಾಭವನ್ನು ಮುಂಗಡ ಕೊಟ್ಟಂತೆ, 1,280 ಇದ್ದರೆ 20 ವರ್ಷದ್ದು. ಆ ಅಂಕಿಯನ್ನು ಇದೇ ಕಂಪನಿಯ ಹಿಂದಿನ ಹತ್ತು ವರ್ಷದ ಅಂಕಿಗಳ ಜೊತೆ, ಟಿಸಿಎಸ್‌ನ ಅಂಕಿಯ ಜೊತೆ ಇಟ್ಟು ನೋಡಿ. ಆಗ ತಾನೇ ಷೇರುಪೇಟೆಗೆ ಬಂದ ಯಾವುದೋ ಆ್ಯಪ್ ಕಂಪನಿಯ ಜೊತೆ ಹೋಲಿಸಬೇಡಿ. ಏಲಕ್ಕಿಯನ್ನೂ ಚೆರ್ರಿಯನ್ನೂ ಒಂದೇ ತಕ್ಕಡಿಯಲ್ಲಿ ಯಾರೂ ತೂಗುವುದಿಲ್ಲ.

ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ನಡುವಿನಲ್ಲಿ ಮೂರು ತಿಂಗಳ ಫಲಿತಾಂಶ ಬರುತ್ತದೆ. ಅದರಲ್ಲಿ ಎಲ್ಲರೂ ಕಾಯುವುದು ‘ಗೈಡೆನ್ಸ್’, ಅಂದರೆ ಈ ವರ್ಷ ವರಮಾನ ಎಷ್ಟು ಬೆಳೆದೀತೆಂದು ಕಂಪನಿಯೇ ಕೊಡುವ ಅಂದಾಜು. 2013ರ ಏಪ್ರಿಲ್ 12ರಂದು ಈ ಅಂದಾಜು ಶೇ 6ರಿಂದ 10 ಎಂದು ಬಂದಾಗ, ನಿರೀಕ್ಷೆ ಅದಕ್ಕಿಂತ ಹೆಚ್ಚಿದ್ದ ಕಾರಣ ಷೇರು ಒಂದೇ ದಿನ ಸುಮಾರು ಶೇ 21ರಷ್ಟು ಕುಸಿಯಿತು. 2023ರ ಏಪ್ರಿಲ್ 17ರಂದು ಮತ್ತೆ ಶೇ 9ಕ್ಕೂ ಹೆಚ್ಚು. ಸಣ್ಣ ಷೇರುಗಳಿಗಿರುವ ದಿನದ ಇಳಿಕೆಯ ಗಟ್ಟಿ ಮಿತಿ, ವಾಯಿದೆ ವ್ಯಾಪಾರ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತುಮಾಡುವುದು) ನಡೆಯುವ ಇಂಥ ದೊಡ್ಡ ಷೇರುಗಳಿಗೆ ಇಲ್ಲ. ‘ದೊಡ್ಡ ಕಂಪನಿ, ಬೀಳುವುದಿಲ್ಲ’ ಎನ್ನುವವರಿಗೆ ಈ ಎರಡು ತಾರೀಖು ಹೇಳಿ.

ಆರ್ಡರ್ ಹಾಕುವ ದಿನ

ಒಂದೇ ದಿನ ಎಲ್ಲ ಹಣ ಹಾಕಬೇಡಿ. ಒಂದೂವರೆ ಲಕ್ಷವಿದ್ದರೆ ಆರು ಕಂತು ಮಾಡಿ, ಎರಡು ತಿಂಗಳಿಗೊಂದು. ಕಾಫಿಯನ್ನೂ ನಾವು ಒಂದೇ ಲಾಟಿನಲ್ಲಿ ಮಾರುವುದಿಲ್ಲವಲ್ಲ.

ಆ್ಯಪ್ ತೆರೆದು ಇನ್ಫೋಸಿಸ್ ಹುಡುಕಿ, ಎನ್‌ಎಸ್‌ಇ ಅಥವಾ ಬಿಎಸ್‌ಇ ಎಂಬ ಎರಡು ಷೇರುಪೇಟೆಗಳಲ್ಲಿ ಯಾವುದನ್ನಾದರೂ ಆರಿಸಿ. ಮುಂದಿನ ಪರದೆಯಲ್ಲಿ ಎರಡು ಗುಂಡಿ ಕಾಣುತ್ತವೆ: ಡೆಲಿವರಿ (ಕೊಂಡು ಖಾತೆಯಲ್ಲಿ ಇಟ್ಟುಕೊಳ್ಳುವುದು) ಮತ್ತು ಇಂಟ್ರಾಡೇ (ಅದೇ ದಿನ ಕೊಂಡು ಮಾರುವುದು). ಇಲ್ಲಿಯೇ ನಮ್ಮ ಷಡ್ಡಕ ಎಡವಿದ್ದು. ಅವರು ಒತ್ತಿದ್ದು ಇಂಟ್ರಾಡೇ. ‘ಕಡಿಮೆ ಹಣಕ್ಕೆ ಹೆಚ್ಚು ಷೇರು ಬಂತು’ ಎಂದು ಮಧ್ಯಾಹ್ನ ಊಟ ಮಾಡಿ ಮಲಗಿದರು. ಮೂರು ಗಂಟೆ ದಾಟಿದ ಮೇಲೆ ಬ್ರೋಕರಿನ ಯಂತ್ರ ತಾನಾಗಿ ಆ ಷೇರುಗಳನ್ನೆಲ್ಲ ಮಾರಿಹಾಕಿತು. ಎದ್ದು ನೋಡಿದರೆ ಷೇರೂ ಇಲ್ಲ, ಖಾತೆಯಲ್ಲಿದ್ದ ಹಣದಲ್ಲಿ ಎರಡು ಸಾವಿರವೂ ಕಡಿಮೆ. ಸೆಬಿಯ ಅಧ್ಯಯನದ ಪ್ರಕಾರ 2022-23ರಲ್ಲಿ ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಜನ ಕಳೆದುಕೊಂಡವರೇ. ವರ್ಷಗಟ್ಟಲೆ ಇಟ್ಟುಕೊಳ್ಳುವ ನಮಗೆ ಬೇಕಾದದ್ದು ಡೆಲಿವರಿ. ಕೆಲವು ಆ್ಯಪ್‌ಗಳಲ್ಲಿ ಅದರ ಹೆಸರು ಸಿಎನ್‌ಸಿ. ಎಂಟಿಎಫ್ ಎಂಬ ಇನ್ನೊಂದು ಗುಂಡಿ ಕಂಡರೆ ಅದು ಬ್ರೋಕರ್ ಕೊಡುವ ಬಡ್ಡಿ ಸಾಲ, ಮುಟ್ಟಬೇಡಿ.

ನಂತರ ಮಾರ್ಕೆಟ್ ಅಥವಾ ಲಿಮಿಟ್. ಮಾರ್ಕೆಟ್ ಎಂದರೆ ‘ಎಷ್ಟಕ್ಕಾದರೂ ಕೊಡಿ’, ಲಿಮಿಟ್ ಎಂದರೆ ‘ಇದಕ್ಕಿಂತ ಹೆಚ್ಚು ಕೊಡಲಾರೆ’. ಸಂತೆಯಲ್ಲಿ ಯಾವುದನ್ನು ಹೇಳುತ್ತೀರೋ ಅದನ್ನೇ ಆರಿಸಿ. ಬೆಳಗ್ಗೆ 9.15ಕ್ಕೇ ಆತುರಪಡಬೇಡಿ. ಇನ್ಫೋಸಿಸ್ ನ್ಯೂಯಾರ್ಕಿನಲ್ಲೂ ವ್ಯವಹಾರವಾಗುವ ಷೇರು. ರಾತ್ರಿ ಅಲ್ಲಿ ಏರಿದ್ದೋ ಇಳಿದದ್ದೋ ಬೆಳಗ್ಗೆ ಇಲ್ಲಿ ಮೊದಲ ಅರ್ಧ ಗಂಟೆ ತೂರಾಡಿಸುತ್ತದೆ. ರಾತ್ರಿ ಲಂಡನ್ ಬೆಲೆ ನೋಡಿ ಮಲಗುವ ನಮ್ಮವರಿಗೆ ಇದು ಹೊಸದೇನಲ್ಲ.

1,500 ರೂಪಾಯಿಯಂತೆ 10 ಷೇರು ಕೊಂಡಿರೆನ್ನಿ. ಷೇರಿಗೆ 15,000. ವಹಿವಾಟು ತೆರಿಗೆ ಶೇ 0.1ರಂತೆ 15 ರೂಪಾಯಿ, ಸ್ಟ್ಯಾಂಪ್ ಶುಲ್ಕ ಎರಡೂಕಾಲು ರೂಪಾಯಿ, ಎಕ್ಸ್‌ಚೇಂಜಿನ ಚಿಲ್ಲರೆ, ಬ್ರೋಕರೇಜ್ ಇದ್ದರೆ ಅದು ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ. ಮಾರುವಾಗ ವಹಿವಾಟು ತೆರಿಗೆ ಮತ್ತೊಮ್ಮೆ, ಜೊತೆಗೆ ಡಿಮ್ಯಾಟ್ ಶುಲ್ಕ. ಎಲ್ಲವೂ ಅಂದು ಸಂಜೆ ಬ್ರೋಕರ್ ಕಳಿಸುವ ಬಿಲ್ಲಾದ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಇರುತ್ತದೆ. ಒಂದು ಸಲವಾದರೂ ಸಾಲು ಸಾಲಾಗಿ ಓದಿ. ಮಾರನೆಯ ವ್ಯವಹಾರದ ದಿನ ಷೇರು ನಿಮ್ಮ ಖಾತೆಗೆ ಬರುತ್ತದೆ. ಬ್ರೋಕರ್ ಆ್ಯಪ್ ತೋರಿಸಿದ್ದನ್ನಷ್ಟೇ ನಂಬದೆ, ಡಿಪಾಸಿಟರಿ ಇಮೇಲಿನಲ್ಲಿ ಕಳಿಸುವ ಒಟ್ಟು ಪಟ್ಟಿಯಲ್ಲಿ ಆ 10 ಷೇರು ಇದೆಯೇ ಎಂದು ನೋಡಿ.

ಕೊಂಡ ಮೇಲೆ

2018ರ ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ ಚಿಕ್ಕಪ್ಪ ಗಾಬರಿಯಿಂದ ಫೋನ್ ಮಾಡಿದರು. 1,400ರ ಮೇಲಿದ್ದ ಷೇರು ರಾತ್ರಿ ಬೆಳಗಾಗುವುದರಲ್ಲಿ ಅರ್ಧಕ್ಕೆ ಬಂದಿತ್ತು. ಕಂಪನಿ ಮುಳುಗಿತೆಂದೇ ಅವರ ತೀರ್ಮಾನ, ಇದ್ದದ್ದನ್ನು ಮಾರಿಬಿಡು ಎಂದು ಹಟ. ಆಗಿದ್ದು ಒಂದಕ್ಕೊಂದು ಬೋನಸ್: ಷೇರು ಎರಡು, ಬೆಲೆ ಅರ್ಧ. ಆಗ ಬೋನಸ್ ಷೇರು ಖಾತೆಗೆ ಬರುವುದು ಕೆಲವು ದಿನ ತಡವಾಗುತ್ತಿತ್ತು, ಆ ಮಧ್ಯದ ದಿನಗಳಲ್ಲಿ ಆ್ಯಪ್ ಅರ್ಧ ಆಸ್ತಿಯೇ ಹೋದಂತೆ ತೋರಿಸುತ್ತಿತ್ತು. ಬೋನಸ್‌ನಿಂದ ಯಾರೂ ಒಂದೇಟಿಗೆ ಶ್ರೀಮಂತರಾಗುವುದೂ ಇಲ್ಲ. ಒಂದು ರೊಟ್ಟಿಯನ್ನು ಎರಡು ಮಾಡಿಕೊಟ್ಟಂತೆ.

ಡಿವಿಡೆಂಡ್, ಅಂದರೆ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು, ಮಾತ್ರ ನಿಜವಾದ ನಗದು. 2024-25ಕ್ಕೆ ಒಂದು ಷೇರಿಗೆ 43 ರೂಪಾಯಿ ಬಂತು, ನೇರವಾಗಿ ಬ್ಯಾಂಕಿಗೆ. ಖಾತೆ ಬದಲಿಸಿದರೆ ಡಿಮ್ಯಾಟಿನಲ್ಲೂ ಬದಲಿಸಿ. ಏಳು ವರ್ಷ ಯಾರೂ ಕೇಳದ ಡಿವಿಡೆಂಡ್ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ, ಏಳು ವರ್ಷ ಸತತವಾಗಿ ಹಾಗಾದರೆ ಷೇರೂ ಹಿಂಬಾಲಿಸುತ್ತದೆ. ಅಲ್ಲಿಂದ ಬಿಡಿಸಿಕೊಳ್ಳುವುದು ಜಮೀನಿನ ಪೋಡಿ ಮಾಡಿಸಿದಷ್ಟೇ ಅಲೆದಾಟ.

‘ನಾವು ರೈತರು, ನಮಗೆ ತೆರಿಗೆ ಇಲ್ಲ’ ಎಂಬ ಮಾತು ಷೇರಿಗೆ ನಡೆಯುವುದಿಲ್ಲ. ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಹಂತದ ದರದಲ್ಲಿ ತೆರಿಗೆಗೆ ಬರುತ್ತದೆ. ಷೇರನ್ನು 12 ತಿಂಗಳೊಳಗೆ ಮಾರಿದರೆ ಲಾಭದ ಮೇಲೆ ಶೇ 20. ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ, ಆರ್ಥಿಕ ವರ್ಷವೊಂದರಲ್ಲಿ ಮೊದಲ 1.25 ಲಕ್ಷ ರೂಪಾಯಿ ಲಾಭಕ್ಕೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ 12.5. 2024ರ ಜುಲೈ 23ರಿಂದ ಈ ದರ, ಸೆಸ್ ಬೇರೆ. 100 ಷೇರಿನಲ್ಲಿ 50,000 ಲಾಭವೆಂದರೆ ಹನ್ನೊಂದನೆಯ ತಿಂಗಳಲ್ಲಿ ಮಾರಿದವರಿಗೆ 10,000 ತೆರಿಗೆ, ಹದಿಮೂರನೆಯ ತಿಂಗಳಲ್ಲಿ ಮಾರಿದವರಿಗೆ ಸೊನ್ನೆ. ಕೃಷಿ ಆದಾಯ 5,000 ರೂಪಾಯಿ ಮೀರಿದವರಿಗೆ ಆದಾಯ ತೆರಿಗೆ ವಿವರ ಸಲ್ಲಿಸುವ ಸುಲಭದ ಐಟಿಆರ್-1 ನಮೂನೆ ಆಗುವುದಿಲ್ಲ. ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿಸಿ ಮಾರುವವರ ಕಾಫಿ ಆದಾಯದಲ್ಲೂ ಶೇ 25ರಷ್ಟು ಪಾಲು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅಂಥವರು ಆಡಿಟರಿಗೆ ಷೇರಿನ ಕಾಗದವನ್ನೂ ಮೊದಲೇ ಕೊಟ್ಟಿಡಿ.

ಆ್ಯಪಲ್, ಮೈಕ್ರೋಸಾಫ್ಟ್ ಬೇಕೆನ್ನುವ ಹುಡುಗರಿಗೆ ದಾರಿ ಬೇರೆ. ರಿಸರ್ವ್ ಬ್ಯಾಂಕಿನ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಅಲ್ಲಿನ ಡಿವಿಡೆಂಡಿನಲ್ಲಿ ಅಮೆರಿಕ ಶೇ 25 ಹಿಡಿದುಕೊಳ್ಳುತ್ತದೆ, ದೀರ್ಘಾವಧಿ ಎನಿಸಿಕೊಳ್ಳಲು 24 ತಿಂಗಳು ಬೇಕು. ಒಂದೇ ಷೇರಿದ್ದರೂ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಲೇಬೇಕು. ಮೊದಲ ಷೇರೇ ಅಲ್ಲಿಂದ ಆಗುವುದು ನನಗಂತೂ ಸರಿಕಾಣುವುದಿಲ್ಲ.

ಮಾರುವುದು ಯಾವಾಗ

ತೋಟದ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿ ಷೇರಿಗೂ ಕೊಂಡ ದಿನವೇ ಮೂರು ಕಾರಣ ಬರೆದಿಡುತ್ತೇನೆ. ಬೆಲೆ ಬಿದ್ದಾಗ ತೆರೆಯುವುದು ಆ ಪುಟವನ್ನು. ಕಾರಣಗಳು ಉಳಿದಿದ್ದರೆ ಇಟ್ಟುಕೊಳ್ಳುತ್ತೇನೆ. ಎರಡು ಹೊಡೆದುಹೋದರೆ, ಲಾಭವಿರಲಿ ನಷ್ಟವಿರಲಿ, ಮಾರುತ್ತೇನೆ. ಇನ್ಫೋಸಿಸ್‌ನ ಪುಟದಲ್ಲಿ ಬರೆದಿರುವುದು ಹೀಗೆ: ಒಂದು, ಸಾಲದ ಹೊರೆಯಿಲ್ಲ. ಎರಡು, ಗಳಿಸಿದ ನಗದಿನಲ್ಲಿ ಬಹುಪಾಲನ್ನು ಷೇರುದಾರರಿಗೆ ಹಂಚುತ್ತದೆ. ಮೂರು, ಅಮೆರಿಕದ ದೊಡ್ಡ ಕಂಪನಿಗಳಿಗೆ ಕೋಡ್ ಬರೆಯಲು ಬೆಂಗಳೂರಿನ ಎಂಜಿನಿಯರುಗಳೇ ಬೇಕು. ಆ ಮೂರನೆಯ ಸಾಲನ್ನು 2016ರಲ್ಲಿ ಶಾಯಿಯಲ್ಲಿ ಬರೆದಿದ್ದೆ. ಕೋಡನ್ನು ಯಂತ್ರವೇ ಬರೆದುಕೊಡುವ ಕಾಲ ಬಂದ ಮೇಲೆ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಪ್ರತಿ ಫಲಿತಾಂಶ ಬಂದಾಗಲೂ ಆ ಪುಟ ತೆರೆಯುತ್ತೇನೆ. ಚಿಹ್ನೆಯನ್ನು ಅಳಿಸಿಯೂ ಇಲ್ಲ, ಸಾಲನ್ನು ಹೊಡೆದುಹಾಕಿಯೂ ಇಲ್ಲ.